ಗುಡುಗಿಗೂ ಮಳೆಗೂ ಏನು ನಂಟು?

ಮೇ ತಿಂಗಳ ಸಂಜೆ ಕಾರ್ಕಳದ ಮೂಡಣ ದಿಕ್ಕಿನ ಘಟ್ಟದ ಮೇಲೆ ಮೋಡ ಕಪ್ಪಿಟ್ಟು ಗುಡುಗತೊಡಗಿತೆಂದರೆ, ಇನ್ನು ಕಲ್ಲಣಬೆಯ ಕಾಲ ಬಂತೆಂದು ಜನ ಲೆಕ್ಕ ಹಾಕುತ್ತಾರೆ. ಗುಡುಗಿನ ಸದ್ದಿಗೆ ಅಣಬೆ ಏಳುತ್ತದೆ ಎಂಬುದು ತುಳುನಾಡಿನ ಹಳೆಯ ನಂಬಿಕೆ.

ಗುಡುಗು ಮಳೆಯನ್ನೂ ತರುತ್ತದೆ ಎಂಬ ನಂಬಿಕೆ ಬಹು ಪುರಾತನವಾದುದು. ಋಗ್ವೇದದ ಇಂದ್ರನು ವಜ್ರಾಯುಧದಿಂದ ವೃತ್ರನನ್ನು ಕೊಂದು, ಅವನು ತಡೆಹಿಡಿದಿದ್ದ ನೀರನ್ನು ಹರಿಯಬಿಡುತ್ತಾನೆ. ನಮ್ಮ ಗಾದೆಯಾದರೋ ಗುಡುಗುವ ಮೋಡ ಮಳೆ ಸುರಿಸದು ಎನ್ನುತ್ತದೆ. ಯಾವುದು ಸರಿ?

ಕರಾವಳಿಯ ಮಳೆನಕ್ಷತ್ರಗಳನ್ನೇ ನೋಡೋಣ. ಭರಣಿ, ಕೃತ್ತಿಕೆಗಳಲ್ಲಿ ಆರ್ಭಟ ಹೆಚ್ಚು, ನೀರು ಕಡಿಮೆ. ಪುನರ್ವಸು, ಪುಷ್ಯಗಳಲ್ಲಿ ಹಗಲಿರುಳು ಸುರಿದರೂ ಗುಡುಗು ಅಪರೂಪ. ಚಿತ್ತೆ, ಸ್ವಾತಿಗಳಲ್ಲಿ ಮತ್ತೆ ಸಿಡಿಲು. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿ.ಮೀ. ಮಳೆಯಲ್ಲಿ ಬಹುಪಾಲು ಸದ್ದಿಲ್ಲದ ಮುಂಗಾರಿನದೇ.

ಈ ಒಗಟನ್ನು ಬಿಡಿಸಲು ವಿಜ್ಞಾನಕ್ಕೆ ಎರಡು ಶತಮಾನಗಳೇ ಬೇಕಾದವು. ಮಿಂಚು ವಿದ್ಯುತ್ತೇ ಎಂಬುದು 1752ರ ಪ್ರಯೋಗಗಳಿಂದ ಸಿದ್ಧವಾಯಿತು. ವಿದ್ಯುತ್ತಿನ ಪ್ರಭಾವದಲ್ಲಿ ನೀರಿನ ಹನಿಗಳು ಪರಸ್ಪರ ಕೂಡಿಕೊಳ್ಳುತ್ತವೆಂದು 1879ರಲ್ಲಿ ಲಾರ್ಡ್ ರೇಲಿ ತೋರಿಸಿದರು. ಮಿಂಚಿದ ಬೆನ್ನಿಗೇ ಮಳೆ ಜೋರಾಗುವುದನ್ನು 1964ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಇಂದ್ರನ ಕಥೆಯೇ ನಿಜವೇನೋ ಎನಿಸಿತು!

ಆದರೆ ಮೂಲ ಕಾರಣ ಬೇರೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ರಭಸದಿಂದ ಮೇಲೇರಿದಾಗ ಮೋಡ ಹತ್ತು ಕಿ.ಮೀ.ಗೂ ಮೀರಿದ ಎತ್ತರಕ್ಕೆ ಬೆಳೆಯುತ್ತದೆ. ಅಲ್ಲಿ ಹಿಮದ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಡಿಕ್ಕಿ ಹೊಡೆದು ವಿದ್ಯುದಂಶ ಬೇರೆ ಬೇರೆಯಾಗುತ್ತದೆ. ಅದೇ ಮಿಂಚಿನ ಮೂಲ. ಜುಲೈಯಲ್ಲಿ ಕಡಲಿನಿಂದ ಬಂದ ತೇವಗಾಳಿ ಘಟ್ಟವನ್ನು ನಿಧಾನವಾಗಿ ಏರುತ್ತದೆ. ಅಲ್ಲಿಯ ಮೋಡಗಳು ಅಷ್ಟು ಎತ್ತರ ಬೆಳೆಯದೆ, ಹಿಮದ ಹಂಗಿಲ್ಲದೆಯೇ ಹೆಚ್ಚಿನ ನೀರನ್ನು ಸುರಿಸಿಬಿಡುತ್ತವೆ. 1997ರಲ್ಲಿ ಹಾರಿದ ಉಷ್ಣವಲಯದ ಮಳೆ ಉಪಗ್ರಹವೂ ಪಶ್ಚಿಮಘಟ್ಟದ ಮೇಲೆ ಇಂಥ ಗಿಡ್ಡ ಮೋಡಗಳನ್ನೇ ಗುರುತಿಸಿತು. ಎಂದರೆ ಗುಡುಗು ಮಳೆಯ ತಾಯಿಯಲ್ಲ. ಎರಡೂ ಮೋಡದ ಮಕ್ಕಳು. ಒಂದು ಹುಟ್ಟಿದಲ್ಲೆಲ್ಲ ಇನ್ನೊಂದೂ ಹುಟ್ಟಬೇಕೆಂದಿಲ್ಲ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಮಳೆ ಬಂದಮೇಲೆ ತಾನೇ ಸಿಡಿಲು ಎಂದು ನಂಬಿದವರು ಮೊದಲ ಹನಿ ಬೀಳುವ ತನಕ ಬಯಲಿನಲ್ಲೇ ಉಳಿಯುತ್ತಾರೆ. ಸಿಡಿಲಾದರೋ ಮಳೆ ಸುರಿಯುವಲ್ಲಿಂದ ಹತ್ತು ಕಿ.ಮೀ. ಆಚೆಗೂ ಎರಗಬಲ್ಲದು. 1432ರ ಬಾಹುಬಲಿ ನಿಂತಿರುವ ಕಾರ್ಕಳದ ಬೆಟ್ಟ, ಮಣಿಪಾಲದ ಮುರಕಲ್ಲಿನ ಬಯಲು, 1901ರ ದೀಪಸ್ತಂಭವಿರುವ ಕಾಪುವಿನ ಕಡಲಬಂಡೆ, ಇವೆಲ್ಲ ಆಕಾಶಕ್ಕೆ ತೆರೆದ ಜಾಗಗಳು. ಅಲ್ಲಿ ಗುಡುಗು ಕಿವಿಗೆ ಬಿದ್ದಿತೆಂದರೆ ಸಿಡಿಲಿನ ಕೈಗೂ ನಾವು ದೂರವಿಲ್ಲ ಎಂದೇ ತಿಳಿಯಬೇಕು. ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರುವುದು ಕ್ಷೇಮ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿಗೇ ಮುನ್ಸೂಚನೆ ಕೊಡುವುದಕ್ಕೆಂದು ಬಂದಿದೆ.

ಕಲ್ಲಣಬೆಯನ್ನು ಎಬ್ಬಿಸುವುದೂ ಗುಡುಗಿನ ಸದ್ದಲ್ಲ, ಮೊದಲ ಮಳೆಯ ತೇವ. ಆ ತೇವ ಮರುದಿನ ಬೆಳಿಗ್ಗೆಯೂ ಇರುತ್ತದೆ. ಹಾಡಿಗೆ ಹೊರಟವರು ಆಕಾಶ ತಿಳಿಯಾಗುವ ತನಕ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ.