13 ವರ್ಷ ನಿಲ್ಲದೇ ಹೋದ ರೈಲು
ಇವತ್ತಿನ ಎಪಿಸೋಡ್ ಒಂದು ಪುಟ್ಟ ಸ್ಟೇಷನ್ ಬಗ್ಗೆ. ಸ್ಟೇಷನ್ ಪುಟ್ಟದು, ಹೆಸರು ಮಾತ್ರ ಮಾರುದ್ದ: ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಹಾಲ್ಟ್. ಯಲಹಂಕ ಬಿಟ್ಟು ಬೆಟ್ಟಹಲಸೂರು, ದೊಡ್ಡಜಾಲ ದಾಟಿದ್ರೆ ಸಿಗುತ್ತೆ.

ಈ ಹಳಿಯನ್ನ ಏರ್‌ಪೋರ್ಟಿಗೋಸ್ಕರ ಹಾಕಿದ್ದಲ್ಲ. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಲೈನ್ ಎಳೀತು. ನ್ಯಾರೋ ಗೇಜ್, ಅಂದ್ರೆ ಎರಡು ಕಂಬಿ ಮಧ್ಯೆ ಬರೀ ಎರಡೂವರೆ ಅಡಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನಲ್ಲಿ ಆ ಕಾಲದ ಕಟ್ಟಡಗಳು ಇನ್ನೂ ಇವೆ. ಎಷ್ಟೋ ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಇಂಟ್ಯಾಕ್ ಸಂಸ್ಥೆ ಅವುಗಳ ದುರಸ್ತಿಗೆ ಕೈಹಾಕ್ತು. ಅಷ್ಟರಲ್ಲಿ ಹಳಿ ಬ್ರಾಡ್ ಗೇಜ್ ಆಗಿತ್ತು.

ಈಗ ಅಸಲಿ ಕಥೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು. ಪಕ್ಕದಲ್ಲೇ ರೈಲು ಓಡ್ತಿತ್ತು, ಆದ್ರೆ ನಿಲ್ತಿರಲಿಲ್ಲ! ಹಾಲ್ಟ್ ಬಂದಿದ್ದು 2021ರ ಜನವರಿಯಲ್ಲಿ. ಆಗ ಟಿಕೆಟ್ 10–15 ರೂಪಾಯಿ. ನಾನು ಬಿ.ಕಾಂ. ಓದಿದವನು, ಕಣ್ಣು ಮೊದಲು ಹೋಗೋದೇ ಲೆಕ್ಕದ ಕಡೆ: ಹೆಬ್ಬಾಳದಿಂದ ಕ್ಯಾಬ್ ಹಿಡಿದ್ರೆ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತು. ಟ್ರಾಲಿ ಬ್ಯಾಗ್ ಎಳ್ಕೊಂಡು ಬರೋರ ಮಾತು ಬಿಡಿ. ಅಲ್ಲಿ ಲಗೇಜ್ ಹೊರೋರು, ಕ್ಲೀನಿಂಗ್ ಮಾಡೋರು, ಅಂಗಡೀಲಿ ನಿಲ್ಲೋರು ದಿನಾ ಹೋಗಿ ಬರಬೇಕಲ್ಲ, ಈ ಹತ್ತು ರೂಪಾಯಿ ಅವರಿಗೆ ದೊಡ್ಡದು. ಆದ್ರೆ ರೈಲುಗಳೇ ಬೆರಳೆಣಿಕೆಯಷ್ಟು. ಏರ್‌ಪೋರ್ಟ್ ಶಿಫ್ಟ್ ಇಡೀ ದಿನ, ಇಡೀ ರಾತ್ರಿ ನಡೆಯುತ್ತೆ. ರೈಲಿನ ಟೈಮ್ ಅದಕ್ಕೆ ಹೊಂದಲ್ಲ. ಇಳಿದ್ಮೇಲೂ ಟರ್ಮಿನಲ್‌ಗೆ ಬಸ್ಸೇ ಗತಿ.

ಬಸ್ಸಿನ ವಿಷಯಕ್ಕೆ ನಮ್ಮನ್ನೇ ಬೈಕೋಬೇಕಿಲ್ಲ. ರೈಲು ಅಂದ್ರೆ ಜಪಾನ್ ಅಂತೀವಲ್ಲ, ಅಲ್ಲೂ 1978ರಲ್ಲಿ ನರಿತಾ ಏರ್‌ಪೋರ್ಟ್ ತೆರೆದಾಗ ಕೇಸೇ ಕಂಪನಿಯ ಸ್ಟೇಷನ್ ಟರ್ಮಿನಲ್‌ನಿಂದ ದೂರ ಇತ್ತು. ಜನ ಅಲ್ಲಿ ಇಳಿದು ಬಸ್ ಹತ್ತಬೇಕಿತ್ತು. ರೈಲು ಟರ್ಮಿನಲ್ ಕೆಳಗೇ ಬಂದಿದ್ದು 1991ರಲ್ಲಿ. ಅಲ್ಲೂ ಹದಿಮೂರೇ ವರ್ಷ! ಒಂದೇ ವ್ಯತ್ಯಾಸ: ಅವರು ಬಸ್ಸನ್ನ ಬಿಟ್ಟ ಹೊತ್ತಿಗೆ ನಾವು ಬಸ್ ಹತ್ತೋಕೆ ಶುರು ಮಾಡಿದ್ವಿ.

2022ರ ಜೂನ್‌ನಲ್ಲಿ ನಮ್ಮ ಉಪನಗರ ರೈಲಿಗೆ ಅಡಿಗಲ್ಲು ಬಿತ್ತು. ನಾಲ್ಕು ಮಾರ್ಗ, ಒಟ್ಟು ಸುಮಾರು 148 ಕಿ.ಮೀ. ದೇವನಹಳ್ಳಿ ಕಡೆಯದ್ದು ಸಂಪಿಗೆ. ಕೆಲಸ ಮೊದಲು ಶುರುವಾಗಿದ್ದು ಮಾತ್ರ ಯಶವಂತಪುರ, ಹೆಬ್ಬಾಳದ ಮೇಲೆ ಹೋಗೋ ಮಲ್ಲಿಗೆಯಲ್ಲಿ. ಸಂಪಿಗೆ ಸಾಲಲ್ಲಿ ಹಿಂದೆ ನಿಂತಿದೆ.

ಮುಂದಿನ ವಾರ ಇದೇ ಲೈನಲ್ಲಿ ನಂದಿ ಹಾಲ್ಟ್‌ವರೆಗೂ ಹೋಗೋಣ.