ಪ್ಲಾಟ್‌ಫಾರ್ಮಿನ ತುದಿಯಲ್ಲಿ: ರೈಲು ನೋಡುವವರ ಚರಿತ್ರೆ

ಎರಡು ವರ್ಷದ ಹಿಂದಿನ ಮಳೆಗಾಲದ ಒಂದು ಭಾನುವಾರ. ಭೋರ್ ಘಾಟಿನ ಬುಡದಲ್ಲಿರುವ ಒಂದು ಸ್ಟೇಷನ್ನಿನಲ್ಲಿ, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಾನೊಬ್ಬಳೇ ನಿಂತಿದ್ದೆ. ಜಿಟಿಜಿಟಿ ಮಳೆಯಾದ್ದರಿಂದ ಕ್ಯಾಮೆರಾ ಬ್ಯಾಗಿನೊಳಗಿತ್ತು. ಎರಡು ರೈಲು ಬಂದು ಹೋದವು, ನಾನು ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಮಹಿಳಾ ಪೊಲೀಸ್ ನಿಧಾನವಾಗಿ ಹತ್ತಿರ ಬಂದು, ನನಗೂ ಹಳಿಗೂ ನಡುವೆ ನಿಂತು, ಮೆತ್ತಗೆ ಕೇಳಿದರು: “ಘರೀ ಕಾಹೀ ಝಾಲಂ ಕಾ, ತಾಯೀ?” ಮನೆಯಲ್ಲಿ ಏನಾದರೂ ಆಯಿತಾ, ಅಕ್ಕಾ?

ಆಕೆ ಏನು ತಿಳಿದುಕೊಂಡಿದ್ದಾರೆಂದು ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗಾಬರಿಯಿಂದ ಕ್ಯಾಮೆರಾ ತೆಗೆದು ತೋರಿಸಿದೆ. ರೈಲಿನ ಫೋಟೋ ತೆಗೆಯುವುದು ನನ್ನ ಹವ್ಯಾಸ ಎಂದೆ. ಆಕೆ ನಂಬಿದರೋ ಇಲ್ಲವೋ, ಮುಂದಿನ ರೈಲು ಬರುವವರೆಗೂ ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದರು.

ಅವರ ಮೇಲೆ ನನಗೆ ಬೇಸರವಿಲ್ಲ, ಗೌರವವೇ ಇದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಒಂದು ಯೋಚನೆ ಬಿಡಲಿಲ್ಲ. ಅದೇ ಜಾಗದಲ್ಲಿ ಕಾಲೇಜು ಹುಡುಗರು ಗುಂಪುಗುಂಪಾಗಿ ನಿಲ್ಲುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಹೆಣ್ಣೊಬ್ಬಳು ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಏನನ್ನೋ ನೋಡುತ್ತ ನಿಂತರೆ ಅದಕ್ಕೊಂದು ದುಃಖದ ಕಾರಣ ಇರಲೇಬೇಕೇ? ಆ ಪ್ರಶ್ನೆ ಹಿಡಿದುಕೊಂಡು ಈ ಹವ್ಯಾಸದ ಚರಿತ್ರೆಯನ್ನು ಓದತೊಡಗಿದೆ. ಮೊದಲ ಪುಟದಲ್ಲೇ ಒಬ್ಬ ಹುಡುಗಿ ಸಿಕ್ಕಳು.

ಹೆಸರು ಬರೆದಿಟ್ಟ ಹುಡುಗಿ

ರೈಲುಗಳನ್ನು ನೋಡಿ, ಎಂಜಿನ್ ನಂಬರು ಗುರುತು ಹಾಕಿಕೊಂಡು, ಫೋಟೋ ತೆಗೆಯುವ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ‘ಟ್ರೇನ್ ಸ್ಪಾಟಿಂಗ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ ‘ರೈಲ್‌ಫ್ಯಾನ್’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಕೋಟು ತೊಟ್ಟು, ಥರ್ಮಾಸ್ ಫ್ಲಾಸ್ಕ್ ಹಿಡಿದು ನಿಂತ ಗಂಡಸರ ಚಿತ್ರವೇ ಎಲ್ಲರ ಕಣ್ಣಿಗೆ ಬರುವುದು. ಆದರೆ ಈ ಹವ್ಯಾಸದ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು 1861ರದು. ಅದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ನೋಟುಬುಕ್ಕು. ಆಕೆಯ ಹೆಸರು ಫ್ಯಾನಿ ಜಾನ್ಸನ್. ಲಂಡನ್ನಿನ ವೆಸ್ಟ್‌ಬೋರ್ನ್ ಪಾರ್ಕಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ನುಗಳನ್ನು ನೋಡಿ, ಕಂಡವುಗಳ ಹೆಸರನ್ನು ಬರೆದಿಟ್ಟಳು.

ನಂಬರಲ್ಲ, ಹೆಸರು. ಯಾಕೆಂದರೆ ಆ ಕಂಪನಿಯ ಬ್ರಾಡ್‌ಗೇಜ್ ಎಂಜಿನ್ನುಗಳಿಗೆ ನಂಬರೇ ಇರಲಿಲ್ಲ, ಹೆಸರುಗಳಷ್ಟೇ ಇದ್ದವು. ಅದರ ಹಳಿಗಳ ನಡುವಿನ ಅಂತರವೂ ಬೇರೆಯವರಿಗಿಂತ ಬಹಳ ಹೆಚ್ಚು, ಏಳು ಅಡಿ ಕಾಲು ಅಂಗುಲ. ಉಳಿದ ಬಹುತೇಕ ಕಂಪನಿಗಳದು ನಾಲ್ಕು ಅಡಿ ಎಂಟೂವರೆ ಅಂಗುಲ. ಕೊನೆಗೆ 1892ರಲ್ಲಿ ಆ ಅಗಲದ ಹಳಿಗಳನ್ನು ಪೂರ್ತಿಯಾಗಿ ಕಿತ್ತು ಬದಲಾಯಿಸಿದರು. ಫ್ಯಾನಿ ನೋಡುತ್ತ ನಿಂತಿದ್ದ ಜಗತ್ತೇ ಹಾಗೆ ಹೋಯಿತು, ಅವಳ ಪಟ್ಟಿ ಉಳಿಯಿತು.

ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಪ್ರತಿಯೊಂದು ಸಿಸ್ಟಮ್ಮಿಗೂ ಒಂದು ಲಾಗ್ ಇರುತ್ತದೆ. ಎಲ್ಲ ಸರಿಯಿರುವಾಗ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಏನಾದರೂ ಕೆಟ್ಟಾಗ ಅಥವಾ ಕಾಣೆಯಾದಾಗ ಮಾತ್ರ ಅದರ ಬೆಲೆ ಗೊತ್ತಾಗುವುದು. ಫ್ಯಾನಿಯ ನೋಟುಬುಕ್ಕು ಅಂಥದ್ದೊಂದು ಲಾಗ್.

ಒಂದು ಶಿಲ್ಲಿಂಗಿನ ಪುಸ್ತಕ

ಈ ಹವ್ಯಾಸ ಸಾವಿರಾರು ಮಕ್ಕಳಿಗೆ ಹಬ್ಬಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ಸದರ್ನ್ ರೈಲ್ವೆಯ ಪ್ರಚಾರ ವಿಭಾಗದಲ್ಲಿ ಇಯನ್ ಆಲನ್ ಎಂಬ ಯುವಕನಿದ್ದ. ಎಂಜಿನ್ನುಗಳ ಬಗ್ಗೆ ಕೇಳಿ ಬರುತ್ತಿದ್ದ ಪತ್ರಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ಒಬ್ಬೊಬ್ಬರಿಗೂ ಬರೆಯುವ ಬದಲು ಎಲ್ಲವನ್ನೂ ಒಂದೇ ಕಿರುಪುಸ್ತಕದಲ್ಲಿ ಹಾಕಿ 1942ರಲ್ಲಿ ತಾನೇ ಪ್ರಕಟಿಸಿದ. ಬೆಲೆ ಒಂದು ಶಿಲ್ಲಿಂಗ್. ಮೊದಲ 2,000 ಪ್ರತಿಗಳು ಬೇಗನೆ ಮುಗಿದವು. ನೋಡಿದ ನಂಬರಿನ ಕೆಳಗೆ ಗೆರೆ ಎಳೆಯುವುದು ಮಕ್ಕಳ ಆಟವಾಯಿತು.

1944ರಲ್ಲಿ ಟ್ಯಾಮ್‌ವರ್ತ್ ಎಂಬಲ್ಲಿ ಹುಡುಗರು ರೈಲು ನೋಡಲು ಹಳಿಯ ಮೇಲೇ ಇಳಿದದ್ದು ದೊಡ್ಡ ರಗಳೆಯಾಯಿತು. ಆಗ ಇಯನ್ ಆಲನ್ ಒಂದು ಕ್ಲಬ್ ಕಟ್ಟಿದ. ಅನುಮತಿಯಿಲ್ಲದೆ ರೈಲ್ವೆಯ ಜಾಗಕ್ಕೆ ಕಾಲಿಡುವುದಿಲ್ಲ ಎಂಬುದು ಸದಸ್ಯರೆಲ್ಲರೂ ಒಪ್ಪಬೇಕಾದ ನಿಯಮ. ರೀಲ್ಸ್‌ಗಾಗಿ ಹಳಿಯ ಮೇಲೆ ನಿಲ್ಲುವ ಇಂದಿನ ಮಕ್ಕಳಿಗೆ ಆ ಎಂಬತ್ತು ವರ್ಷದ ಹಿಂದಿನ ನಿಯಮ ಇನ್ನೂ ಬೇಕು.

ನಂಬರು ಬರೆಯುವವರ ಜೊತೆಗೆ ಕ್ಯಾಮೆರಾ ಹಿಡಿದವರೂ ಇದ್ದರು. ಅಮೆರಿಕದಲ್ಲಿ ನಾರ್‌ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯ ಉಗಿ ಎಂಜಿನ್ನುಗಳ ಕಾಲ ಮುಗಿಯುತ್ತ ಬಂದಾಗ, ಓ. ವಿನ್‌ಸ್ಟನ್ ಲಿಂಕ್ ಎಂಬ ಛಾಯಾಗ್ರಾಹಕ 1955ರಿಂದ ಐದು ವರ್ಷ ಅವುಗಳ ಹಿಂದೆ ತಿರುಗಿದ. ಸಾಲುಸಾಲು ಫ್ಲ್ಯಾಶ್ ಬಲ್ಬು ಕಟ್ಟಿ, ಹೆಚ್ಚಾಗಿ ರಾತ್ರಿಯಲ್ಲೇ ಚಿತ್ರ ತೆಗೆದ. ಜಪಾನಿನಲ್ಲಂತೂ ಫೋಟೋ ತೆಗೆಯುವವರಿಗೆ ‘ತೊರಿತೆತ್ಸು’, ಬರೀ ಪ್ರಯಾಣವನ್ನೇ ಇಷ್ಟಪಡುವವರಿಗೆ ‘ನೊರಿತೆತ್ಸು’ ಎಂದು ಬೇರೆಬೇರೆ ಹೆಸರಿದೆ. ‘ತೆತ್ಸು’ ಎಂದರೆ ಕಬ್ಬಿಣ. ರೈಲುಪ್ರಿಯ ಹೆಣ್ಣುಮಕ್ಕಳಿಗೆ ಅಲ್ಲಿ ಸಲಿಗೆಯಿಂದ ‘ತೆತ್ಸುಕೊ’ ಎನ್ನುತ್ತಾರೆ. ಹೆಸರೊಂದು ಹುಟ್ಟಿದೆ ಎಂದರೆ ಅವರು ಕಣ್ಣಿಗೆ ಕಾಣುವಷ್ಟು ಮಂದಿ ಇದ್ದಾರೆ ಎಂದೇ ಅರ್ಥ.

ಭೋರ್ ಘಾಟಿನ ಆಲಿಸ್

ಈಗ ನಮ್ಮ ಮುಂಬೈ-ಪುಣೆ ಕಡೆಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟದ್ದು ನಮಗೆಲ್ಲ ಗೊತ್ತು. ಅದಕ್ಕಿಂತ ಕಷ್ಟದ ಕೆಲಸ ಮುಂದಿತ್ತು. ಪುಣೆ ತಲುಪಬೇಕಾದರೆ ಸಹ್ಯಾದ್ರಿ ಹತ್ತಬೇಕು. ಭೋರ್ ಘಾಟಿನ ಕೆಲಸ ಶುರುವಾದದ್ದು 1856ರಲ್ಲಿ. ಸುಮಾರು 25 ಕಿ.ಮೀ. ದಾರಿಯಲ್ಲಿ 550 ಮೀಟರಿಗೂ ಹೆಚ್ಚು ಏರು, 25 ಸುರಂಗಗಳು. ಕೆಲವು ಕಡೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಕಡಿದು. ಕೆಲಸ ಜೋರಾಗಿದ್ದಾಗ 40,000ಕ್ಕೂ ಹೆಚ್ಚು ಕೂಲಿಕಾರರಿದ್ದರು. ಮಣ್ಣುಕಲ್ಲು ಹೊತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಕಾಲರಾ ಮತ್ತಿತರ ಕಾಯಿಲೆಗಳಿಗೆ ಸಾವಿರಾರು ಜನ ಬಲಿಯಾದರು.

1859ರಲ್ಲಿ ಮೊದಲ ಗುತ್ತಿಗೆದಾರ ಕೆಲಸ ಬಿಟ್ಟ ಮೇಲೆ ಸಾಲೊಮನ್ ಟ್ರೆಡ್‌ವೆಲ್ ಎಂಬಾತ ಇಂಗ್ಲೆಂಡಿನಿಂದ ಬಂದ. ಬಂದ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಜೊತೆಗೆ ಬಂದಿದ್ದ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಮುಂದಿನ ಹಡಗು ಹತ್ತಿ ಊರಿಗೆ ಮರಳಬಹುದಿತ್ತು. ಆಕೆ ಗುತ್ತಿಗೆಯನ್ನು ತಾನೇ ವಹಿಸಿಕೊಂಡಳು. ಅನುಭವಸ್ಥ ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಂದುವರಿಸಿದಳು. 1863ರಲ್ಲಿ ಘಟ್ಟದ ಮಾರ್ಗ ತೆರೆಯಿತು.

ನನಗೆ ರೋಮಾಂಚನವಾದದ್ದು ಮುಂದಿನ ಸಂಗತಿ. ಆಲಿಸ್ ಛಾಯಾಗ್ರಾಹಕಿಯೂ ಆಗಿದ್ದಳು. ಘಟ್ಟದ ಕಾಮಗಾರಿಯ ಚಿತ್ರಗಳಿರುವ ಆಲ್ಬಂ ಇಂದಿಗೂ ಆಕೆಯ ಹೆಸರಿನಲ್ಲಿದೆ. ಗಾಜಿನ ಪ್ಲೇಟು, ರಾಸಾಯನಿಕ, ಭಾರದ ಕ್ಯಾಮೆರಾಗಳ ಕಾಲ ಅದು. ಭಾನುವಾರ ನಾನು ಯಾವ ಘಟ್ಟದ ಬುಡದಲ್ಲಿ ನಿಲ್ಲುತ್ತೇನೋ ಅದೇ ಘಟ್ಟವನ್ನು 160 ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಕ್ಯಾಮೆರಾದಲ್ಲಿ ಹಿಡಿದಿದ್ದಳು. ಆದರೆ ಬುಟ್ಟಿ ಹೊತ್ತ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ನಮ್ಮ ದೇಶದ ರೈಲುಪ್ರಿಯರು

ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿ 1968ರಲ್ಲಿ ನಿಂತುಹೋಯಿತು. ಆಮೇಲೆ ಅಲ್ಲಿಯ ಹವ್ಯಾಸಿಗಳು ಭಾರತಕ್ಕೆ ಬರತೊಡಗಿದರು. ನಮ್ಮ ಉಗಿಬಂಡಿಗಳ ಒಳ್ಳೆಯ ಬಣ್ಣದ ಚಿತ್ರಗಳಲ್ಲಿ ಅನೇಕವು ಹಾಗೆ ಬಂದುಹೋದವರು ತೆಗೆದವು. ನಮ್ಮವರಿಗೆ ಕ್ಯಾಮೆರಾ ದುಬಾರಿ, ಫಿಲ್ಮ್ ಇನ್ನೂ ದುಬಾರಿ. ಜೊತೆಗೆ ಸೇತುವೆ, ಸ್ಟೇಷನ್ನುಗಳಲ್ಲಿ ‘ಛಾಯಾಗ್ರಹಣ ನಿಷೇಧಿಸಲಾಗಿದೆ’ ಎಂಬ ಬೋರ್ಡು.

ಆದರೂ ಹವ್ಯಾಸಿಗಳಿಂದ ದೊಡ್ಡ ಕೆಲಸಗಳಾಗಿವೆ. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯ 1977ರಲ್ಲಿ ತೆರೆಯಿತು. ಅಲ್ಲಿಗೆ ಯಾವ ಹಳೆಯ ಎಂಜಿನ್ನುಗಳನ್ನು ಉಳಿಸಿಕೊಳ್ಳಬೇಕೆಂದು ಹುಡುಕಿ ಸಲಹೆ ಕೊಟ್ಟವರು ಮೈಕೆಲ್ ಸ್ಯಾಟೊ. ಅವರು ಭಾರತದಲ್ಲಿ ಕಂಪನಿಯೊಂದರ ಕೆಲಸದಲ್ಲಿದ್ದ ಬ್ರಿಟಿಷ್ ರೈಲುಪ್ರಿಯ. ಎರಡು ವರ್ಷದ ನಂತರ, 1979ರಲ್ಲಿ, ಮೈಸೂರಿನ ರೈಲು ಸಂಗ್ರಹಾಲಯ ಶುರುವಾಯಿತು. ಮೈಸೂರು ಮಹಾರಾಣಿಯವರ ಸಲೂನ್ ಬೋಗಿಯನ್ನು ಅಲ್ಲಿ ನೀವು ನೋಡಿರಬಹುದು.

ಇಂದಿನ ರೈಲುಪ್ರಿಯರ ಮೊದಲ ಪಾಠ ಎಂಜಿನ್ನಿನ ಮೇಲಿನ ಅಕ್ಷರಗಳು. ‘ಡಬ್ಲ್ಯೂ’ ಎಂದರೆ ಬ್ರಾಡ್‌ಗೇಜ್, ‘ವೈ’ ಎಂದರೆ ಮೀಟರ್‌ಗೇಜ್. ಎರಡನೇ ಅಕ್ಷರ ‘ಡಿ’ ಇದ್ದರೆ ಡೀಸೆಲ್, ‘ಎ’ ಇದ್ದರೆ ಎ.ಸಿ. ವಿದ್ಯುತ್ತು, ‘ಸಿ’ ಇದ್ದರೆ ಡಿ.ಸಿ. ವಿದ್ಯುತ್ತು. ಕೊನೆಯ ‘ಪಿ’ ಪ್ರಯಾಣಿಕರ ಗಾಡಿಗೆ, ‘ಜಿ’ ಗೂಡ್ಸ್‌ಗೆ, ‘ಎಂ’ ಎರಡಕ್ಕೂ. ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ ಕರ್ಜತ್‌ನಲ್ಲಿ ನಿಂತಾಗ ಹಿಂದುಗಡೆ ‘ಢಗ್’ ಎಂದು ಜೋಡಣೆಯಾಗುವುದು ಬ್ಯಾಂಕರ್ ಎಂಜಿನ್ನುಗಳು. ಅವು ಹಿಂದಿನಿಂದ ತಳ್ಳಿದರೆ ಮಾತ್ರ ಗಾಡಿ ಘಟ್ಟ ಹತ್ತುವುದು. ನಾವು ವಡಾಪಾವ್ ಕೊಳ್ಳುವ ಆ ಐದು ನಿಮಿಷದಲ್ಲಿ ಆಗುವ ಕೆಲಸ ಇದು. ಈ ದಾರಿಯಲ್ಲಿ ಮೊದಲು 1,500 ವೋಲ್ಟಿನ ಡಿ.ಸಿ. ವಿದ್ಯುತ್ತಿತ್ತು. ಈಗಿರುವುದು 25,000 ವೋಲ್ಟಿನ ಎ.ಸಿ. 2016ರ ಹೊತ್ತಿಗೆ ಮುಂಬೈ ಭಾಗದಲ್ಲಿ ಹಳೆಯ ಡಿ.ಸಿ. ಪೂರ್ತಿ ಮರೆಯಾಯಿತು.

ಇದೇ ಘಟ್ಟದಲ್ಲಿ ಇನ್ನೊಂದು ಚರಿತ್ರೆಯೂ ಆಗಿದೆ. ಸಾತಾರಾ ಜಿಲ್ಲೆಯ ಸುರೇಖಾ ಯಾದವ್ ದೇಶದ ಮೊದಲ ಮಹಿಳಾ ರೈಲು ಚಾಲಕಿ. 2011ರ ಮಾರ್ಚ್ 8ರಂದು ಅವರು ಪುಣೆಯಿಂದ ಮುಂಬೈಗೆ ಡೆಕ್ಕನ್ ಕ್ವೀನ್ ಓಡಿಸಿಕೊಂಡು ಘಟ್ಟ ಇಳಿದರು.

ಮಿರಜಿನ ಪ್ಲಾಟ್‌ಫಾರ್ಮು

ಇಷ್ಟೆಲ್ಲ ಓದಿದ ಮೇಲೆ ಒಂದು ದಿನ ಅವ್ವನನ್ನು ಕೇಳಿದೆ, “ನೀ ಮದುವಿ ಆಗಿ ಮುಂಬೈಗೆ ಬಂದಾಗ ಯಾವ ಗಾಡಿಗೆ ಬಂದಿದ್ದಿ?”

ಅವ್ವನ ತವರು ಧಾರವಾಡ. 1984ರಲ್ಲಿ ಅಲ್ಲಿಂದ ಮಿರಜಿನ ತನಕ ಮೀಟರ್‌ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರ. ಪುಣೆ-ಮಿರಜ್ ಮಾರ್ಗ 1971ರಲ್ಲೇ ಬ್ರಾಡ್‌ಗೇಜ್ ಆಗಿತ್ತು, ಅಂತರ 1,676 ಮಿ.ಮೀ. ಹಾಗಾಗಿ ಮಿರಜಿನಲ್ಲಿ ಎಲ್ಲರೂ ಇಳಿದು ಗಾಡಿ ಬದಲಾಯಿಸಲೇಬೇಕು. ನಮ್ಮ ಸಂಘದ ಹಿರಿಯ ಸದಸ್ಯೆಯರಲ್ಲಿ ಎಷ್ಟೋ ಮಂದಿ ಟ್ರಂಕು, ಹಾಸಿಗೆ ಸುರುಳಿ, ಕಂಕುಳಲ್ಲಿ ಮಗು ಇಟ್ಟುಕೊಂಡು ಹೀಗೆಯೇ ದಾಟಿ ಬಂದವರು.

“ಮಿರಜದಾಗ ಇಳದು ಆ ಕಡೆ ದೊಡ್ಡ ಗಾಡಿ ಹತ್ತಬೇಕಿತ್ತು,” ಎಂದಳು ಅವ್ವ. “ಅಷ್ಟ ನೆನಪೈತಿ.”

“ಒಂದರ ಫೋಟೋ ಇಲ್ಲೇನು?”

“ಫೋಟೋ ಯಾರ್ ತಗೀತಾರವಾ? ನಿಮ್ಮಪ್ಪ ಮತ್ತ ನಾನು ಸಾಮಾನು ಎಣಸೂದ ಆಗಿತ್ತು. ಹನ್ನೊಂದು ನಗ ಇದ್ವು.”

ಮದುವೆಯ ಆಲ್ಬಮ್ಮಿನಲ್ಲಿ ಧಾರೆ ಇದೆ, ಸಪ್ತಪದಿ ಇದೆ, ಊಟದ ಪಂಕ್ತಿ ಇದೆ. ಅವ್ವನ ಬದುಕು ಧಾರವಾಡದಿಂದ ಮುಂಬೈಗೆ ದಾಟಿದ ಆ ಪ್ಲಾಟ್‌ಫಾರ್ಮು ಮಾತ್ರ ಇಲ್ಲ. ಅವಳು ಅದನ್ನು ನೋಡಿದ್ದಳು, ನಿಂತು ನೋಡಲು ಬಿಡುವಿರಲಿಲ್ಲ. 1992ರಲ್ಲಿ ರೈಲ್ವೆ ದೇಶದ ಮೀಟರ್‌ಗೇಜ್ ಮಾರ್ಗಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಾಯಿಸುವ ಯೋಜನೆ ಹಾಕಿಕೊಂಡಿತು. ಆ ದಶಕದಲ್ಲಿ ಧಾರವಾಡದ ಸಣ್ಣ ಗಾಡಿಯೂ ಹೋಯಿತು. ಫ್ಯಾನಿಯ ಏಳಡಿ ಹಳಿಯಂತೆ ನಮ್ಮದೂ ಒಂದು ಜಗತ್ತು ಮುಗಿಯಿತು. ವ್ಯತ್ಯಾಸ ಇಷ್ಟೇ, ಅವಳ ಹತ್ತಿರ ನೋಟುಬುಕ್ಕು ಇತ್ತು.

ಹೋದ ಚಳಿಗಾಲದಲ್ಲಿ ಅವ್ವನನ್ನು ಕರ್ಜತ್‌ಗೆ ಕರೆದುಕೊಂಡು ಹೋದೆ. ಇಬ್ಬರಿಗೂ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ತುದಿಯ ಬೆಂಚಿನಲ್ಲಿ ಕೂತೆವು. ಉದ್ಯಾನ್ ಬಂತು, ಬ್ಯಾಂಕರ್ ಜೋಡಿಸಿದರು, ಗಾಡಿ ಘಟ್ಟದ ಕಡೆಗೆ ಹೊರಟಿತು. ಅವ್ವ ಹಾಲಿನ ಲೆಕ್ಕ ಬರೆಯುವ ಪುಟ್ಟ ಡೈರಿ ತೆಗೆದು, ಹಿಂದಿನ ಎಂಜಿನ್ನಿನ ನಂಬರು ಬರೆದುಕೊಂಡಳು. ಒಂದಂಕಿ ತಪ್ಪಿತ್ತು. ನಾನು ಹೇಳಿದೆ, ತಿದ್ದಿದಳು. ಆ ದಿನ ನಮ್ಮಿಬ್ಬರನ್ನು ಯಾರೂ ಏನೂ ಕೇಳಲಿಲ್ಲ.

ಗೆಳತಿಯರೇ, ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಫೋನು ಸಾಕು, ಒಂದು ನೋಟುಬುಕ್ಕು ಸಾಕು. ಹಳದಿ ಗೆರೆ ದಾಟಬೇಡಿ, ಹಳಿಗೆ ಇಳಿಯಬೇಡಿ, ಸ್ಟೇಷನ್ ಸಿಬ್ಬಂದಿ ಬೇಡವೆಂದರೆ ಕ್ಯಾಮೆರಾ ಒಳಗಿಡಿ. ಇನ್ನೊಂದು ಬಿನ್ನಹ. ನಿಮ್ಮ ಹಳೆಯ ಆಲ್ಬಮ್ಮುಗಳಲ್ಲಿ ಮಿರಜಿನದೋ, ಗುಂತಕಲ್ಲಿನದೋ, ಅರಸೀಕೆರೆಯದೋ ಪ್ಲಾಟ್‌ಫಾರ್ಮು ಹಿನ್ನೆಲೆಯಲ್ಲಿ ಇಣುಕುವ ಒಂದು ಫೋಟೋ ಇದ್ದರೆ, ಅದರ ಹಿಂದೆ ಊರು, ವರ್ಷ, ಜೊತೆಗಿದ್ದವರ ಹೆಸರು ಬರೆದಿಡಿ. ಫೋಟೋ ಇಲ್ಲದಿದ್ದರೆ ಆ ಪ್ರಯಾಣವನ್ನು ನಾಲ್ಕು ಸಾಲು ಬರೆಯಿರಿ. ಸಂಘದ ಮುಂದಿನ ಸಭೆಗೆ ತನ್ನಿ. ಅವ್ವ ತನ್ನ ಹನ್ನೊಂದು ನಗದ ಪಟ್ಟಿಯನ್ನು ನೆನಪಿನಿಂದ ಬರೆಯುತ್ತಿದ್ದಾಳೆ. ಒಂಬತ್ತು ಸಿಕ್ಕಿವೆ, ಇನ್ನೆರಡು ಬಾಕಿ.