ಕಲ್ಲಿಗೆ ಉಳಿದ ಹೆಸರು

ನಮ್ಮ ಮಂಗಸೂಳಿಯ ಖಂಡೋಬನ ಗುಡಿಯ ಸುತ್ತಲೂ ನೆಲದಡಿ ಇರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ ಅದು. ಆಗ್ನೇಯಕ್ಕೆ ಬಾಗಲಕೋಟೆಯ ಸೀಮೆಗೆ ಹೋದರೆ ಕಲ್ಲಿನ ಜಾತಿಯೇ ಬೇರೆ: ಸುಣ್ಣಕಲ್ಲು, ಡಾಲಮೈಟು, ಬೆಣಚುಕಲ್ಲು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲಿ ಇವಕ್ಕೆಲ್ಲ ಘಟಪ್ರಭೆಯ ದಂಡೆಯ ಊರೊಂದರ ಹೆಸರು ಕೊಟ್ಟ: ‘ಕಲಾದಗಿ ಶ್ರೇಣಿ’.

ವೇಲ್ಸ್ ಸೀಮೆಯ ಪದರಗಳಿಗೆ ಮರ್ಚಿಸನ್ 1835ರಲ್ಲಿ ಅಲ್ಲಿನ ಹಳೆಯ ಬುಡಕಟ್ಟಿನ ಹೆಸರಿನಿಂದ ‘ಸಿಲೂರಿಯನ್’ ಎಂದಿದ್ದ. ಅಲ್ಲಿ ಕಲ್ಲಿನೊಳಗಿನ ಚಿಪ್ಪುಗಳು ಕಾಲವನ್ನು ಹೇಳುತ್ತಿದ್ದವು. ಕಲಾದಗಿಯ ಕೆಳಪದರಗಳಾದರೋ ನೂರು ಕೋಟಿ ವರ್ಷಕ್ಕೂ ಹಳೆಯವು. ಚಿಪ್ಪಿನ ಜೀವಿಗಳು ಇನ್ನೂ ಹುಟ್ಟಿರದ ಕಾಲದವು. ಹೀಗಾಗಿ ಯಾವ ಪದರ ಯಾವುದರ ಮೇಲೆ ಕೂತಿದೆ ಎಂಬುದನ್ನೇ ನೋಡಿ ವಿಂಗಡಿಸಬೇಕಾಯಿತು.

ಮುಂದೆ ವಿದ್ವಾಂಸರು ಇವನ್ನು ಬಾಗಲಕೋಟೆ ಗುಂಪು, ಬಾದಾಮಿ ಗುಂಪು ಎಂದು ಎರಡಾಗಿ ಬೇರ್ಪಡಿಸಿದರು. ಆದರೂ ಕಲಾದಗಿಯ ಹೆಸರನ್ನು ಅಳಿಸಲಿಲ್ಲ; ಎರಡನ್ನೂ ಕೂಡಿಸುವ ಮನೆತನದ ಹೆಸರಾಗಿ ಉಳಿಸಿಕೊಂಡರು.

ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಅವಳನ್ನು ಮನೆ ತುಂಬಿಸಿಕೊಂಡರು. ತವರಿನ ಹೆಸರು ಈಗ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ ಬರೆದಿಡಿರಿ.